ಅತ್ತೆಗಾಗಿ ಕಟ್ಟಿದ ಕಡುಬಿನ ಗಾಡಿ

ಅತ್ತೆಯವರಿಗೆ ನಿಮ್ಮ ಸೊಸೆ ಗಿರಿಜಾ ಮಾಡುವ ಶರಣು.

ಇವತ್ತು ಭಾನುವಾರ. ಮನೆಯಲ್ಲಿ ನಾನೊಬ್ಬಳೇ ಇದ್ದೇನೆ. ನಿಮ್ಮ ಮಗ ಬೆಳಿಗ್ಗೆಯೇ ಕಾರು ತೆಗೆದುಕೊಂಡು ಹೋದರು. ಎಲ್ಲಿಗೆ ಅಂತ ಕೊನೆಯಲ್ಲಿ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ಕೇಳುವುದಿಲ್ಲ, ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ? ನೀವು ಹೋಗಿ ಹತ್ತು ವರ್ಷದ ಮೇಲಾಯಿತು. ಇಷ್ಟು ದಿನ ನಿಮಗೆ ಬರೆಯಬೇಕು ಅಂತ ಅನಿಸಿರಲಿಲ್ಲ. ಇವತ್ತು ಅನಿಸಿತು.

ಆ ಗಾಡಿಯ ಚಿತ್ರವನ್ನು ಮೊದಲು ನೋಡಿದವರು ನೀವೇ. ಓಲ್ಡ್ ಟೌನಿನ ಅಂಗಡಿಯಿಂದ ನಾನು ಕಡಲೆಬೇಳೆ ಕಟ್ಟಿಸಿಕೊಂಡು ಬಂದಿದ್ದೆ. ಹೊರದೇಶದ ಹಳೇ ಪತ್ರಿಕೆಗಳ ಹಾಳೆ ಆಗ ಭದ್ರಾವತಿಯಲ್ಲಿ ಪೊಟ್ಟಣ ಕಟ್ಟಲು ಬಳಕೆಯಾಗುತ್ತಿತ್ತು. ನೀವು ಬೇಳೆಯನ್ನು ಡಬ್ಬಕ್ಕೆ ಸುರಿದು, ಕಾಗದವನ್ನು ಕೈಯಲ್ಲಿ ನೀವಿ, ಕಿಟಕಿಯ ಬೆಳಕಿಗೆ ಹಿಡಿದು ನಿಂತುಬಿಟ್ಟಿರಿ. ಒಂದು ಕಾರು, ಅದರ ಹಿಂದೆ ಕೊಂಡಿ ಹಾಕಿದ ಮರದ ಪುಟ್ಟ ಗಾಡಿ. ಮುಂದೆ ಗುಂಡಗೆ ಉಬ್ಬಿ, ಹಿಂದಕ್ಕೆ ಇಳಿಜಾರಾದ ಆಕಾರ. ಪಕ್ಕದ ಬಾಗಿಲು ತೆಗೆದರೆ ಹಾಸಿಗೆ, ಹಿಂದಿನ ಮುಚ್ಚಳ ಎತ್ತಿದರೆ ಒಲೆ, ಪಾತ್ರೆ. “ಕರಿಗಡುಬಿಗೆ ಚಕ್ರ ಹಾಕಿದಾರಲ್ಲೇ!” ಅಂದಿರಿ. ಆಮೇಲೆ, ನನ್ನ ಮುಖ ನೋಡದೆ, “ಇದನ್ನ ನಾವೇ ಮಾಡ್ಕೊಬಹುದಾ ಗಿರಿಜಾ?” ಅಂತ ಕೇಳಿದಿರಿ.

ಮದುವೆಯಾಗಿ ಬಂದ ಹೊಸದರಲ್ಲಿ ನಿಮಗೂ ನನಗೂ ಅಷ್ಟಕ್ಕಷ್ಟೇ ಇತ್ತು. ನಾನು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್. ದಿನವಿಡೀ ಮೇಜಿನ ಮೇಲೆ ಬಗ್ಗಿ, ಎಂಜಿನಿಯರುಗಳು ಹಾಕಿದ ಗೆರೆಗಳ ಮೇಲೆ ಗೆರೆ ಎಳೆಯುವ ಕೆಲಸ. ಸೊಸೆ ಟಿಫನ್ ಡಬ್ಬ ಹಿಡಿದು ಹೊರಗೆ ಹೋಗುವುದು ನಿಮಗೆ ಸರಿಬರುತ್ತಿರಲಿಲ್ಲ. ನನಗೆ ನಿಮ್ಮ ಪೂಜೆಯ ಶಿಸ್ತು ಸರಿಬರುತ್ತಿರಲಿಲ್ಲ. ನಿಮ್ಮ ಕೈಯಾರೆ ಮಾಡಿ ಲಿಂಗಕ್ಕೆ ತೋರಿಸಿದ್ದನ್ನು ಬಿಟ್ಟು ಬೇರೆ ಯಾವುದನ್ನೂ ನೀವು ಬಾಯಿಗೆ ಇಡುತ್ತಿರಲಿಲ್ಲ. ಹಾಗಾಗಿ ಮದುವೆ ಮನೆಗಳಿಂದ ಹಸಿದುಕೊಂಡೇ ಬರುತ್ತಿದ್ದಿರಿ, ಬೇರೆ ಊರಲ್ಲಿ ಉಳಿಯುತ್ತಲೇ ಇರಲಿಲ್ಲ. ಮಾವ ಟ್ಯಾಕ್ಸಿ ಓಡಿಸುತ್ತಾ ಬೊಂಬಾಯಿಯವರೆಗೂ ಹೋಗಿ ಬಂದವರು. “ಆ ಮನುಷ್ಯ ಊರೂರು ತಿರುಗಿದ, ನಾನು ಅವನ ಕ್ಯಾರಿಯರ್ ತೊಳೆದೆ” ಅಂತ ನೀವು ಆಗಾಗ ಹೇಳುತ್ತಿದ್ದಿರಿ. ಹಾಗಾಗಿ ಗಾಡಿ ಕೇಳಿದ್ದು ಯಾತ್ರೆಗೆ ಅಂದುಕೊಂಡೆ. ಇನ್ನೇನು ಅಂದುಕೊಳ್ಳಲಿ?

ಅಂಗಳದಲ್ಲಿ ನಕ್ಷೆ ಬರೆದ ದಿನ ನಾವಿಬ್ಬರೂ ಮೊದಲ ಸಲ ಒಟ್ಟಿಗೆ ಕೂತು ಕೆಲಸ ಮಾಡಿದೆವು. ಪೂರ್ತಿ ಅಳತೆಯಲ್ಲೇ ಬರೆಯಬೇಕಿತ್ತು. ಸಿಮೆಂಟಿನ ನೆಲ ತೊಳೆದು ಒಣಗಿಸಿ, ಸೀಮೆಸುಣ್ಣ ಹಿಡಿದೆ. ಬೆನ್ನಿನ ಬಾಗು ನಯವಾಗಿ ಬರಲು ಬಿದಿರಿನ ಸೀಳನ್ನು ಬಗ್ಗಿಸಿ, ಅದರ ಒಂದು ತುದಿ ನೀವು ಹಿಡಿದಿರಿ, ಇನ್ನೊಂದು ತುದಿಗೆ ರುಬ್ಬುಗುಂಡು ಇಟ್ಟೆ. ಎತ್ತರ ಎಷ್ಟಿರಬೇಕು ಅಂತ ನಾನು ಲೆಕ್ಕ ಹಾಕುತ್ತಿದ್ದರೆ ನೀವು ಮಣೆ ತಂದು ಗೋಡೆಗೆ ತಾಗಿಸಿಟ್ಟು, ಪದ್ಮಾಸನ ಹಾಕಿ, ಸೆರಗು ತಲೆಮೇಲೆ ಎಳೆದುಕೊಂಡು, ಅಂಗೈ ಎದೆಯ ಮಟ್ಟಕ್ಕೆ ಹಿಡಿದು ಕೂತಿರಿ. “ತಲೆಮೇಲೆ ಒಂದು ಗೇಣು ಬಿಟ್ಟು ಗೆರೆ ಹಾಕು. ಪೂಜೆಗೆ ಕೂತಾಗ ತಲೆ ತಾಗಬಾರದು.” ಅದೇ ನಮ್ಮ ಗಾಡಿಯ ಎತ್ತರವಾಯಿತು. “ಪೂರ್ವಕ್ಕೆ ಮುಖ ಹೇಗೆ ಮಾಡ್ತೀರಿ ಅತ್ತೆ, ಗಾಡಿ ಎಲ್ಲಾ ಕಡೆ ತಿರುಗುತ್ತಲ್ಲ?” ಅಂದೆ. “ನಿಲ್ಲಿಸೋನಿಗೆ ಹೇಳಿ ನಿಲ್ಲಿಸಿಕೊಂಡರೆ ಆಯ್ತಪ್ಪ” ಅಂದಿರಿ.

ನಿಲ್ಲಿಸಬೇಕಾದವರು ನಿಮ್ಮ ಮಗ. ಮಾವನ ಹಳೇ ಅಂಬಾಸಿಡರ್ ಅವರ ಕೈಯಲ್ಲಿತ್ತು. ಅವರಿಗೆ ಹೇಳಿದಾಗ ತಿಂಡಿ ತಿನ್ನುತ್ತಿದ್ದವರು ಕೈ ನಿಲ್ಲಿಸಿ, “ಅತ್ತೆ ಸೊಸೆ ಸೇರ್ಕೊಂಡು ಊರೋರ ಕೈಲಿ ನಗಿಸ್ತೀರಾ?” ಅಂದರು. ನೀವು ಚಟ್ನಿ ಬಡಿಸುತ್ತಾ, “ನಗಲಿ ಬಿಡೋ ಶಿವು, ಅವರಿಗೂ ಒಂದು ಖುಷಿ ಬೇಡ್ವಾ?” ಅಂದಿರಿ. ಧರ್ಮಸ್ಥಳ, ಶ್ರೀಶೈಲ ಅಂತ ಏನೇನೋ ಹೆಸರು ಹೇಳಿದಿರಿ. ತಾಯಿ ಯಾತ್ರೆ ಕೇಳಿದರೆ ಮಗ ಇಲ್ಲ ಅನ್ನುವುದು ಹೇಗೆ? ಶಿವಮೊಗ್ಗದ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ಕಬ್ಬಿಣದ ಆಂಗಲ್ ಬೆಸೆಸಿ, ಗುಜರಿ ಜೀಪಿನ ಆಕ್ಸಲ್ ಕೂರಿಸಿಕೊಂಡು ಅವರೇ ಎಳೆದುಕೊಂಡು ಬಂದರು. ಮನೆ ಮುಂದೆ ನಿಲ್ಲಿಸಿ, “ಅಸ್ಥಿಪಂಜರ ಬಂದಿದೆ, ಮಾಂಸ ನೀವು ಹಚ್ಕೊಳಿ” ಅಂತ ಹೇಳಿ ಒಳಗೆ ಹೋದರು.

ಬಡಗಿ ಸೆಲ್ವರಾಜ್ ಮೊದಲ ದಿನ ಗಾಡಿಯ ಸುತ್ತ ಎರಡು ಪ್ರದಕ್ಷಿಣೆ ಹಾಕಿದ್ದನ್ನು ಈಗಲೂ ನೆನೆದು ನಗುತ್ತೇನೆ. “ಅಮ್ಮಾ, ನಾನು ಮಂಚ ಮಾಡಿದೀನಿ, ಬೀರು ಮಾಡಿದೀನಿ. ಬೀರು ಒಳಗೆ ಮಂಚ ಮಾಡಿಲ್ಲ!” ಆದರೂ ಬಂದ. ಕಾರ್ಖಾನೆಗೆ ಯಂತ್ರಗಳು ಬರುತ್ತಿದ್ದ ಪೆಟ್ಟಿಗೆಗಳ ಹಗುರ ಮರವನ್ನು ಹರಾಜಿನಲ್ಲಿ ಹಿಡಿದುಕೊಟ್ಟವನೂ ಅವನೇ. ಅದರಲ್ಲಿ ಚೌಕಟ್ಟು, ಪಕ್ಕಕ್ಕೆ ದಪ್ಪ ಪ್ಲೈವುಡ್, ಬೆನ್ನಿಗೆ ತೆಳು ಪ್ಲೈವುಡ್. ಪಕ್ಕದ ಎರಡು ಹಲಗೆಗಳನ್ನು ನನ್ನ ನಕ್ಷೆಯ ಮೇಲಿಟ್ಟು ಕೊಯ್ದು ನಿಲ್ಲಿಸಿದಾಗ ಬೀದಿಯವರೆಲ್ಲ ಬಂದು ನೋಡಿದರು. ಕಡುಬಿನ ಗಾಡಿ ಅಂತ ನೀವು ಇಟ್ಟ ಹೆಸರು ಅವತ್ತಿನಿಂದ ಬೀದಿಯವರ ಬಾಯಲ್ಲೂ ನಿಂತಿತು.

ಬೆನ್ನು ಹೊದಿಸುವಾಗ ಮೊದಲ ಹಲಗೆ ಪಟ್ ಅಂತ ಒಡೆಯಿತಲ್ಲ, ಆಗ ನಾನು ಅತ್ತೇಬಿಟ್ಟಿದ್ದೆ. ಸೆಲ್ವರಾಜ್ ಬೀಡಿ ಹಚ್ಚಿಕೊಂಡು, ಇದು ಆಗುವ ಕೆಲಸ ಅಲ್ಲ, ಚಪ್ಪಟೆ ತಾರಸಿ ಹಾಕೋಣ ಅಂದ. ನೀವು ಬಚ್ಚಲಿಗೆ ಹೋಗಿ ಹಂಡೆಗೆ ಉರಿ ಹಾಕಿದಿರಿ. ಗೋಣಿಚೀಲಗಳನ್ನು ಬಿಸಿನೀರಲ್ಲಿ ಅದ್ದಿ ಹಲಗೆಯ ಮೇಲೆ ಹಾಸಿ, ಆರಿದ ಹಾಗೆ ಮತ್ತೆ ಅದ್ದಿ ಹಾಸಿ, ಮಧ್ಯಾಹ್ನದವರೆಗೂ ನೆನೆಸಿದೆವು. ಆಮೇಲೆ ಎರಡೂ ಕಡೆ ಹಗ್ಗ ಹಾಕಿ ಇಷ್ಟಿಷ್ಟೇ ಬಿಗಿಯುತ್ತಾ ಹೋದೆವು. ಹಲಗೆ ಕಿರುಗುಟ್ಟುತ್ತಾ ಬಗ್ಗಿತು, ಒಡೆಯಲಿಲ್ಲ. ನಿಮ್ಮ ಅಂಗೈ ಎರಡೂ ಬೆಂದು ಕೆಂಪಾಗಿದ್ದವು. ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಆಗ ನೀವು ಹೇಳಿದಿರಿ: “ಗಿರಿಜಾ, ಯಾತ್ರೆಗಲ್ಲ ಕಣೇ. ನಾನು ಕುಮಟಾಕ್ಕೆ ಹೋಗ್ಬೇಕು.”

ಕುಮಟಾ ಅಂದರೆ ಯಾರ ಊರು ಅಂತ ನನಗೆ ಗೊತ್ತಿತ್ತು, ಆದರೆ ಈ ಮನೆಯಲ್ಲಿ ಆ ಹೆಸರು ಯಾರೂ ಎತ್ತುತ್ತಿರಲಿಲ್ಲ. ನಿಮ್ಮ ಮಗಳು ಸುಮಂಗಲ ಅತ್ತಿಗೆ. ಇಲ್ಲಿಗೆ ತರಬೇತಿಗೆ ಬಂದು ಪಕ್ಕದ ಗಲ್ಲಿಯಲ್ಲಿ ರೂಮು ಮಾಡಿದ್ದ ದಾಮೋದರನನ್ನು, ನಾನು ಈ ಮನೆಗೆ ಬರುವ ಮೊದಲೇ, ಮದುವೆಯಾಗಿ ಹೋದವರು. ಬೇರೆ ಜಾತಿ, ಮೀನು ತಿನ್ನುವ ಮನೆ. ಹಾರ ಹಾಕಿಕೊಂಡು ಇಬ್ಬರೂ ಬಾಗಿಲಿಗೆ ಬಂದ ದಿನ ನೀವು ಲಿಂಗವನ್ನು ಹಿಡಿದುಕೊಂಡು, “ನಿನ್ನ ಮನೆ ಹೊಸ್ತಿಲು ನಾನು ತುಳಿಯಲ್ಲ” ಅಂದಿದ್ದಿರಿ. ಅದೇ ವರ್ಷ ಮಾವ ತೀರಿಕೊಂಡರು. ಅಪ್ಪ ಹೋಗಿದ್ದು ಅಕ್ಕನಿಂದಲೇ ಅಂತ ನಿಮ್ಮ ಮಗ ಮನಸ್ಸು ಕಲ್ಲು ಮಾಡಿಕೊಂಡರು. ಅವತ್ತು ಎಣ್ಣೆ ಕೈಯಲ್ಲೇ ನೀವು ಹೇಳಿದಿರಿ, “ಅವಳಿಗೆ ಮೂರನೇ ಸಲವೂ ಹೊಟ್ಟೇಲಿ ನಿಲ್ಲಲಿಲ್ಲವಂತೆ. ಬಸ್‌ಸ್ಟ್ಯಾಂಡಲ್ಲಿ ಆ ಕಡೆಯೋರು ಒಬ್ಬರು ಹೇಳಿದ್ರು. ಹೆತ್ತೋಳು ಹತ್ರ ಇರಬೇಕಾದ ಹೊತ್ತು. ಲಿಂಗ ಹಿಡಿದು ಆಡಿದ ಮಾತು, ಮುರಿಯೋಕೂ ಆಗಲ್ಲ. ನನ್ನ ಮನೆ ನಾನೇ ಎಳ್ಕೊಂಡು ಹೋದ್ರೆ...” ಮುಂದಿನದನ್ನು ಹೇಳಬೇಕಾಗಿರಲಿಲ್ಲ.

ಗಾಡಿಗೆ ಬಣ್ಣ ಹಚ್ಚಿ ಮುಗಿದ ದಿನ ನಿಮ್ಮ ಮಗನಿಗೆ ಹೇಳಿದಿರಿ. ಅವರು ಕಿರುಚಲಿಲ್ಲ. “ಶ್ರೀಶೈಲಕ್ಕೆ ಯಾವತ್ತು ಬೇಕಾದ್ರೂ ಹೊರಡೋಣ. ಕುಮಟಾಕ್ಕೆ ನನ್ನ ಕಾರು ಹೋಗಲ್ಲ” ಅಂದು ಎದ್ದುಹೋದರು. ಆಮೇಲೆ ಗಾಡಿ ಟಾರ್ಪಾಲು ಹೊದ್ದುಕೊಂಡು ಅಂಗಳದಲ್ಲೇ ನಿಂತಿತು. ನೀವು ಬೇಡಲಿಲ್ಲ, ಅಳಲಿಲ್ಲ, ಊಟ ಬಿಡಲಿಲ್ಲ. ಹೊಳಲೂರಿನ ನಿಮ್ಮ ತಮ್ಮನಿಗೆ ಹೇಳಿಕಳಿಸಿದಿರಿ, ಅಷ್ಟೇ. ಒಂದು ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕಲು ಹೋದರೆ ಬೀದಿಯಲ್ಲಿ ಜೋಡಿ ಎತ್ತು! ಸೋದರಮಾವ ಬಾರುಕೋಲು ಹಿಡಿದು ಗಾಡಿಯ ಮೂತಿಯನ್ನು ನೋಡುತ್ತಾ ನಿಂತಿದ್ದಾರೆ. “ಅಲ್ಲ ಅಕ್ಕಯ್ಯಾ, ಇದಕ್ಕೆ ಮೂಕಿಮರನೇ ಇಲ್ಲ. ನೊಗ ಎಲ್ಲಿಗೆ ಕಟ್ಟಲಿ?” “ಸೆಲ್ವರಾಜ್ ಬರ್ತಾನೆ, ಒಂದು ಮರ ಬಿಗಿಸಿಕೊಡ್ತಾನೆ.” “ಕುಮಟಾ ಎಷ್ಟು ದೂರ ಅಂತ ಗೊತ್ತಾ ನಿಂಗೆ ಮಾರಾಯ್ತಿ? ಘಟ್ಟ ಇಳೀಬೇಕು!” “ಎತ್ತಿಗೆ ಸುಸ್ತಾದಾಗ ನಿಲ್ಲಿಸೋಣ. ನನಗೇನು ಅವಸರ?”

ಅಷ್ಟರಲ್ಲಿ ಬೀದಿ ತುಂಬಾ ಜನ. ನಿಮ್ಮ ಮಗ ಹಲ್ಲುಜ್ಜುತ್ತಾ ಹೊರಗೆ ಬಂದವರು ಎತ್ತುಗಳನ್ನು ನೋಡಿದರು, ಸೋದರಮಾವನನ್ನು ನೋಡಿದರು, ಗಾಡಿಯೊಳಗೆ ಅಕ್ಕಿ, ಬೇಳೆ ಇಡುತ್ತಿದ್ದ ನಿಮ್ಮನ್ನು ನೋಡಿದರು. ನೀವು ಬೆದರಿಸಲು ಹಾಗೆ ಮಾಡಿದಿರೋ, ನಿಜವಾಗಿ ಹೊರಟಿದ್ದಿರೋ? ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹೊರಟೇಬಿಡುತ್ತಿದ್ದಿರಿ ಅಂತಲೇ ನನಗೆ ಅನಿಸುತ್ತದೆ. ಅವರು ಬಾಯಿ ಮುಕ್ಕಳಿಸಿ ಉಗಿದು, ಒಳಗೆ ಹೋಗಿ ಕಾರಿನ ಕೀ ತಂದರು. “ಮಾವ, ಎತ್ತು ಬಿಡಿಸಿ. ನಾನು ಅಲ್ಲಿ ಕಾರಿಂದ ಇಳಿಯಲ್ಲ, ಈಗಲೇ ಹೇಳಿದೀನಿ” ಅಂದರು. “ಇಳೀಬೇಡಪ್ಪ. ಪೂರ್ವಕ್ಕೆ ನಿಲ್ಲಿಸು, ಸಾಕು” ಅಂದಿರಿ.

ಘಟ್ಟ ಇಳಿಯುವಾಗ ಬ್ರೇಕಿನಿಂದ ಸುಟ್ಟ ವಾಸನೆ ಬಂದದ್ದು ನಿಮಗೆ ನೆನಪಿರಬೇಕು. ಗಾಡಿ ಹಿಂದಿನಿಂದ ಕಾರನ್ನು ನೂಕುತ್ತಿತ್ತು. ಒಂದು ತಿರುವಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟೆವು. ನಿಮ್ಮ ಮಗನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ನೀವು ಹಿಂದಿನ ಮುಚ್ಚಳ ಎತ್ತಿ, ಪಂಪ್ ಸ್ಟೌ ಹಚ್ಚಿ, ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಿರಿ. ಒಬ್ಬ ಪೊಲೀಸಿನವನು ಬೈಕ್ ನಿಲ್ಲಿಸಿ, ಇದೇನು ಗಾಡಿ, ಏನು ಮಾರ್ತೀರಿ ಅಂತ ಕೇಳಿದ. “ಮಾರಲ್ಲಪ್ಪ, ಇದು ನನ್ನ ಮನೆ. ತಿಂಡಿ ಆಯ್ತಾ ನಿಂದು?” ಅಂದಿರಿ. ಅವನು ಉಪ್ಪಿಟ್ಟು ತಿಂದು, ಗಾಡಿಯೊಳಗೆ ಇಣುಕಿ, ಹಾಸಿಗೆಯನ್ನು ಒಮ್ಮೆ ಕೈಯಲ್ಲಿ ಒತ್ತಿ ನೋಡಿ, ನಿಧಾನಕ್ಕೆ ಹೋಗಿ ಅಂತ ಹೇಳಿಹೋದ.

ಕುಮಟಾದ ಅಂಗಳಕ್ಕೆ ಗಾಡಿ ನುಗ್ಗಿದಾಗ ಸುಮಂಗಲ ಅತ್ತಿಗೆ ಬಾವಿಕಟ್ಟೆಯ ಹತ್ತಿರ ಇದ್ದರು. ಅವರನ್ನು ನಾನು ನೋಡಿದ್ದು ಅದೇ ಮೊದಲು. ಕುಪ್ಪಸದ ತೋಳು ಸಡಿಲವಾಗಿ ನೇತಾಡುವಷ್ಟು ಸೊರಗಿದ್ದರು. ತಮ್ಮನ ಕಾರನ್ನು ಗುರುತಿಸಿದರೋ ಏನೋ, ಕೊಡ ಕೆಳಗಿಟ್ಟು ನಿಂತಲ್ಲೇ ನಿಂತರು. ನಿಮ್ಮ ಮಗ ಕಾರಿನ ಗಾಜು ಏರಿಸಿಕೊಂಡು ನೇರ ಮುಂದೆ ನೋಡುತ್ತಾ ಕೂತರು. ನೀವು ಇಳಿದು, ಗಾಡಿಯ ಪಕ್ಕದ ಬಾಗಿಲು ತೆಗೆದು, ಒಳಗೆ ಹೋಗಿ, ಕಾಲು ಮಡಿಚಿ ಕೂತುಬಿಟ್ಟಿರಿ. ಅತ್ತಿಗೆ ಹತ್ತಿರ ಬಂದು, “ಅಮ್ಮಾ, ಮನೆಗೆ ಬಾರಮ್ಮ” ಅಂದರು. ನೀವು ಒಳಗಿನಿಂದಲೇ, “ನಾನು ಮನೇಲೇ ಇದೀನಿ. ನೀನು ಬಾ” ಅಂದಿರಿ. ಅವರು ಬಗ್ಗಿ ಒಳಗೆ ಹೋದರು. ಬಾಗಿಲು ಎಳೆದುಕೊಂಡವರು ನೀವೋ ಅವರೋ ನನಗೆ ಕಾಣಲಿಲ್ಲ. ಗಾಡಿ ಸ್ವಲ್ಪ ಅಲುಗಾಡಿತು, ಆಮೇಲೆ ನಿಂತಿತು. ನಾನು ಸೀಬೆ ಮರದ ಕಡೆ ತಿರುಗಿಕೊಂಡೆ.

ಅಲ್ಲಿದ್ದ ಆ ಕೆಲವು ದಿನ ನೀವು ಮಾಡಿದ್ದು ಅಡುಗೆಯೊಂದೇ. ಮೆಣಸಿನ ಸಾರು, ಬೆಳ್ಳುಳ್ಳಿ ಹುರಿದ ಅನ್ನ, ತುಪ್ಪ, ಬೆಲ್ಲ ಹಾಕಿದ ಅಂಟಿನುಂಡೆ. ಹಡೆದವಳಿಗೆ ಮಾಡುವ ಎಲ್ಲವನ್ನೂ, ಮಡಿಲಿಗೆ ಮಗು ಬಾರದ ಆ ಮಗಳಿಗೆ ಮಾಡಿ, ಹಿಂದಿನ ಮುಚ್ಚಳದ ಕೆಳಗೆ ಕೂರಿಸಿ ಉಣ್ಣಿಸಿದಿರಿ. ದಾಮೋದರ ದೂರದಲ್ಲೇ ಓಡಾಡುತ್ತಿದ್ದರು. ಅವರದು ಟಿವಿ ರಿಪೇರಿ ಅಂಗಡಿಯಲ್ಲವೇ, ಕತ್ತಲಾಗುವ ಮುಂಚೆ ಮನೆಯ ಕಿಟಕಿಯಿಂದ ವೈರು ಎಳೆದು ನಿಮ್ಮ ಗಾಡಿಯೊಳಗೆ ಒಂದು ಬಲ್ಬು ಹಾಕಿಕೊಟ್ಟರು. ಹಾಕಿ, “ಬೇಡ ಅಂದ್ರೆ ತೆಗೀತೇನೆ” ಅಂದರು. ನೀವು ಬಲ್ಬನ್ನು ನೋಡಿ, “ಇರಲಿ ಬಿಡಿ. ಕರೆಂಟು ಸರ್ಕಾರದ್ದು” ಅಂದಿರಿ. ಅವರಿಗೆ ನಗು ತಡೆಯಲಾಗಲಿಲ್ಲ. ಹೊರಡುವ ದಿನ ನೀವೇ ಕರೆದು ಒಂದು ತಟ್ಟೆ ಊಟ ಅವರ ಕೈಗೆ ಕೊಟ್ಟಿರಿ, “ತಗೋಳಪ್ಪ” ಅಂತ. ಅವರು ಬಾವಿಕಟ್ಟೆಯ ಮೇಲೆ ಕೂತು ಒಂದಗುಳೂ ಬಿಡದೆ ಉಂಡರು. ನಿಮ್ಮ ಮಗ ಮಾತ್ರ ಹೇಳಿದ ಹಾಗೇ ನಡೆದುಕೊಂಡರು. ಊಟಕ್ಕೆ ಪೇಟೆಗೆ ಹೋಗುತ್ತಿದ್ದರು, ಮಲಗಿದ್ದು ಕಾರಿನಲ್ಲಿ. ಅಕ್ಕ ಎರಡು ಸಲ ಗಾಜು ತಟ್ಟಿದರು. ಇಳಿಸಲಿಲ್ಲ.

ನಿಮ್ಮನ್ನು ಮಣ್ಣು ಮಾಡಿದ ದಿನ ಅತ್ತಿಗೆ ಬಂದಿದ್ದರು. ಮುಂದಿನ ವರ್ಷವೇ ಅಲ್ಲವೇ ನೀವು ಹೋದದ್ದು, ಮೂರು ದಿನದ ಜ್ವರದಲ್ಲಿ. ಅವರು ನಿಮ್ಮ ಪಾದದ ಹತ್ತಿರ ಕೂತಿದ್ದು, ಸಂಜೆ ಬಸ್ಸಿಗೆ ಹೊರಟರು. ನಿಮ್ಮ ಮಗ ಅಕ್ಕನನ್ನು ಮಾತಾಡಿಸಲಿಲ್ಲ. ನಾನು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಂದೆ. ಆಮೇಲೆ ನಾನೂ ಅತ್ತಿಗೆಯೂ ಫೋನಿನಲ್ಲಿ ಮಾತಾಡುತ್ತಾ ಬಂದೆವು. ನಿಮ್ಮ ಮಗನಿಗೆ ಗೊತ್ತಿತ್ತು. ನಾನು ಮಾತಾಡುವಾಗ ಅವರು ರೇಡಿಯೋ ಸಣ್ಣದು ಮಾಡುತ್ತಿದ್ದರು, ಕೇಳಿಸಿಕೊಳ್ಳಲೋ, ನನಗೆ ಅನುಕೂಲವಾಗಲೆಂದೋ...

ಗಾಡಿ ಈಗ ಇಲ್ಲ ಅತ್ತೆ. ಬೇಜಾರು ಮಾಡಿಕೊಳ್ಳಬೇಡಿ. ಎರಡು ಮಳೆಗಾಲ ತಡೆಯಿತು, ಮೂರನೆಯದಕ್ಕೆ ಮುಚ್ಚಳದ ಕೀಲಿನ ಹತ್ತಿರ ನೀರು ಇಳಿದು ಪ್ಲೈವುಡ್ ಪದರ ಪದರ ಬಿಟ್ಟಿತು. ಕೆಳಗಿನಿಂದ ಗೆದ್ದಲು ಹತ್ತಿತು. ನಾನೇ ಬಿಚ್ಚಿಸಿದೆ. ಚಕ್ರ, ಚೌಕಟ್ಟು ಸೋದರಮಾವನ ಮಕ್ಕಳು ಒಯ್ದರು. ಅದರ ಮೇಲೆ ಹಲಗೆ ಬಡಿದು ಗೊಬ್ಬರ ಸಾಗಿಸುತ್ತಾರೆ. ನೀವಿದ್ದಿದ್ದರೂ ಹಾಗೇ ಮಾಡಿಸುತ್ತಿದ್ದಿರಿ. ಸುಮ್ಮನೆ ನಿಲ್ಲಿಸಿ ನೋಡುವ ಜಾಯಮಾನ ನಿಮ್ಮದಾಗಿರಲಿಲ್ಲ.

ಹೋದ ತಿಂಗಳು ಅತ್ತಿಗೆ ಫೋನ್ ಮಾಡಿದಾಗ ಸ್ವರವೇ ಬೇರೆ ಇತ್ತು. ದಾಮೋದರ ಅವರಿಗೆ ಹೊಟ್ಟೆಯ ಆಪರೇಷನ್ ಆಗಬೇಕು, ಶಿವಮೊಗ್ಗಕ್ಕೆ ಬರೆದುಕೊಟ್ಟಿದ್ದಾರೆ, ಅಲ್ಲಿ ಯಾರೂ ಗೊತ್ತಿಲ್ಲ ಅಂದರು. ನಾನು ನಿಮ್ಮ ಮಗನಿಗೆ ಹೇಳಿದೆ. ಒಪ್ಪಿಗೆ ಕೇಳಲಿಲ್ಲ, ಹೇಳಿದೆ ಅಷ್ಟೇ. ಆಪರೇಷನ್ನಿನ ದಿನ ನಾನು ಆಸ್ಪತ್ರೆಯಲ್ಲಿ ಕೂತಿದ್ದರೆ ನಿಮ್ಮ ಮಗ ರಕ್ತ ಕೊಡುವ ಕಡೆಯಿಂದ ತೋಳಿಗೆ ಹತ್ತಿ ಒತ್ತಿಕೊಂಡು ಬಂದರು. ಅಕ್ಕನ ಪಕ್ಕದ ಕುರ್ಚಿ ಖಾಲಿ ಇತ್ತು. ಅದನ್ನು ಬಿಟ್ಟು ಆಚೆಯದರಲ್ಲಿ ಕೂತರು. ಆದರೆ ಎದ್ದು ಹೋಗಲಿಲ್ಲ.

ಆಸ್ಪತ್ರೆಯಿಂದ ಬಿಟ್ಟಾಗ, ಇಷ್ಟು ಬೇಗ ಘಟ್ಟದ ರಸ್ತೆಯಲ್ಲಿ ಕುಲುಕಾಡಿಕೊಂಡು ಹೋಗಬಾರದು ಅಂದರು ಡಾಕ್ಟರು. ಅಲ್ಲೇ ಶಿವಮೊಗ್ಗದ ವಿದ್ಯಾನಗರದಲ್ಲಿ ಒಂದು ರೂಮು ನೋಡಿಕೊಳ್ಳುತ್ತೇವೆ ಅಂತ ಅತ್ತಿಗೆ ಹೇಳುತ್ತಿದ್ದರು. ನಿಮ್ಮ ಮಗ ಅವರ ಚೀಲ ಎತ್ತಿ ಕಾರಿನಲ್ಲಿಟ್ಟು, “ಗಿರಿಜಾ, ಅಮ್ಮನ ರೂಮಿನ ಮಂಚಕ್ಕೆ ಹಾಸಿಗೆ ಹಾಕಿದೀಯಾ?” ಅಂತ ಕೇಳಿದರು. ಹಾಕಿರಲಿಲ್ಲ. ಹಾಕಿದೀನಿ ಅಂದೆ. ಅತ್ತೆ, ನಿಮ್ಮ ಅಳಿಯ ನಿಮ್ಮ ರೂಮಿನಲ್ಲಿದ್ದು ಚೇತರಿಸಿಕೊಂಡರು. ನಿಮ್ಮ ಮಗನೇ ಕಂಕುಳಿಗೆ ಕೈಕೊಟ್ಟು ಬಚ್ಚಲಿಗೆ ನಡೆಸಿದರು. ಮೊದಲೆಲ್ಲ ಮಾತಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಎಷ್ಟು ಸಲೀಸಾಗಿ, “ಭಾವ, ಮಜ್ಜಿಗೆಗೆ ಉಪ್ಪು ಹಾಕ್ಲಾ?” ಅಂದುಬಿಟ್ಟರು. ಒಲೆಯ ಹತ್ತಿರ ಅತ್ತಿಗೆಯ ಕೈ ನಿಂತಿತು. ದಾಮೋದರ, “ಸ್ವಲ್ಪ ಹಾಕಿ ಶಿವಣ್ಣ” ಅಂದರು. ಅಷ್ಟೇ.

ಇವತ್ತು ಬೆಳಿಗ್ಗೆ ಇಬ್ಬರನ್ನೂ ಕೂರಿಸಿಕೊಂಡು ನಿಮ್ಮ ಮಗ ಹೊರಟದ್ದು ಕುಮಟಾಕ್ಕೆ. ಎರಡು ದಿನ ಇದ್ದು ಬರುತ್ತಾರಂತೆ. ದೀಪಾವಳಿಗೆ ನಾನೂ ಹೋಗುತ್ತೇನೆ. ಇದನ್ನು ಬರೆಯುತ್ತಿರುವಾಗಲೇ ಅವರ ಫೋನ್ ಬಂತು, ಈಗ ತಲುಪಿದೆವು ಅಂತ. ಘಟ್ಟದಲ್ಲಿ ಭಾವನಿಗೆ ತೊಂದರೆಯಾಗಲಿಲ್ಲವಂತೆ, ನಿಧಾನಕ್ಕೆ ಇಳಿಸಿದರಂತೆ. ಊಟ ಎಲ್ಲಿ ಮಾಡ್ತೀರಿ ಅಂತ ಕೇಳಿದೆ.

“ಕೂತಿದೀನಿ,” ಅಂದರು, “ಅಕ್ಕ ಬಡಿಸ್ತಿದಾಳೆ.”